ಶಹಾಬಾದಿ ಕಲ್ಲಿಗೆ ನಕ್ಕವರು

ಎಲ್ಲರೂ ನಕ್ಕರು, ಪೂಜಿತಾಳೂ ನಕ್ಕಳು. ಅಷ್ಟೇ ಆಗಿದ್ದರೆ ಮರೆತು ಹೋಗುತ್ತಿತ್ತು. ಆದರೆ ಎಲ್ಲರನ್ನೂ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದ ಮಾತು ಅವಳದ್ದೇ ಆಗಿತ್ತು.

ಮುಂಬೈ ಹತ್ತಿರದ ಠಾಕುರ್ಲಿಯಲ್ಲಿ ಕನ್ನಡ ಬಳಗದ ಹೊಸ ಕಟ್ಟಡ ಎದ್ದು ನಿಂತಿತ್ತು. ಒಳಗಿನ ಕೆಲಸ ಮುಗಿಯುತ್ತ ಬಂದರೂ ಹೊರಮೈ ಇನ್ನೂ ಬೋಳು ಸಿಮೆಂಟು. ಮುಂಗೋಡೆಗೆ ಏನು ಹಾಕಿದರೆ ಚಂದ, ಏನು ಹಾಕಿದರೆ ಬಾಳಿಕೆ ಎಂದು ತೀರ್ಮಾನಿಸಲು ಅವತ್ತು ಸಭೆ ಸೇರಿದ್ದರು. ಹೊರಮೈಯ ಹೊಣೆ ಪೂಜಿತಾಳದ್ದು. ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಡೊಂಬಿವಲಿ, ಠಾಣೆಯಲ್ಲಿ ಆರ್ಕಿಟೆಕ್ಟ್. ಅವಳ ಎತ್ತರಕ್ಕೆ ಎದ್ದು ನಿಂತು ಮಾತಾಡಿದರೆ ಹಿರಿಯರೂ ಸುಮ್ಮನೆ ಕೇಳುತ್ತಿದ್ದರು, ಅದು ಅವಳಿಗೆ ಸ್ವಲ್ಪ ಇಷ್ಟವೂ ಆಗಿತ್ತು.

ಬಳಗದ ಅಧ್ಯಕ್ಷರು ಮೋಹನದಾಸರು, ಕಲ್ಯಾಣದಲ್ಲಿ ಹೋಟೆಲ್ ಇಟ್ಟವರು. ಅವರಿಗೆ ಕರಾವಳಿಯ ಊರಿನ ಮುರಕಲ್ಲಿನದೇ ಕೆಂಪು ಹೊರಮೈ ಬೇಕು. ಬಂದ ಸಲಹೆಗಳನ್ನೆಲ್ಲ ಹೇಳುತ್ತ ಹೇಳುತ್ತ ಅವರು ಒಂದು ಕಡೆ ನಿಂತು ಕನ್ನಡಕ ಸರಿಮಾಡಿಕೊಂಡರು.

"ಇನ್ನೊಂದುಂಟು. ಯಾರೋ ಶಹಾಬಾದಿ ಕಲ್ಲು ಹಾಕಬೇಕು ಅಂದಿದ್ದಾರೆ. ಅಲ್ಲ ಮಾರಾಯ್ರೇ, ಈ ಮುಂಬೈಯಲ್ಲಿ ಶಹಾಬಾದಿ ಎಲ್ಲಿ ಹಾಕುವುದು ಗೊತ್ತುಂಟಲ್ಲ? ಬಚ್ಚಲಿಗೆ! ಭವನಕ್ಕೆ ಬರುವವರು ಟವೆಲ್ ಹಿಡಿದುಕೊಂಡು ಬರಬೇಕಾದೀತು!"

ಸಭೆ ಗೊಳ್ಳೆಂದಿತು. ಮೋಹನದಾಸರು ನಗುತ್ತ ಪೂಜಿತಾಳ ಕಡೆ ತಿರುಗಿ, "ಎಂತ ಪೂಜೀ?" ಎಂದರು. ಅವರು ಹಾಗೆ ತಿರುಗಿದ್ದೇ ತಪ್ಪಾಯಿತು.

"ಹಾಗಾದ್ರೆ ಫಿನಾಯಿಲ್ ಕೂಡ ಬಜೆಟ್‌ಗೆ ಸೇರಿಸೋಣ ಅಂಕಲ್," ಎಂದಳು ಪೂಜಿತಾ.

ನಗು ಸಭಾಂಗಣದ ಮೂಲೆಮೂಲೆಗೂ ಹೋಯಿತು. ಆ ನಗುವಿನ ಖುಷಿಯಲ್ಲೇ ಅವಳು ಸಭೆಯತ್ತ ಕಣ್ಣಾಡಿಸಿದಳು. ಹಿಂದಿನ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಒಬ್ಬ ಹೆಂಗಸು ಕೂತಿದ್ದಳು. ಆಕೆ ತೊಡೆಯ ಮೇಲಿದ್ದ ಭಾರದ ಬಟ್ಟೆಚೀಲವನ್ನು ನಿಧಾನವಾಗಿ ಕೆಳಗಿಳಿಸಿದಳು. ಆಮೇಲೆ ಯಾರಿಗೂ ಕಾಣದಂತೆ ಅದನ್ನು ಕಾಲಿನಿಂದ ಕುರ್ಚಿಯ ಕೆಳಗೆ ತಳ್ಳಿದಳು. ಚೀಲದ ಬಾಯಲ್ಲಿ ನೀಲಿಬೂದು ಶಹಾಬಾದಿ ಕಲ್ಲಿನ ಒಂದು ಮೂಲೆ ಕಾಣುತ್ತಿತ್ತು.

ಆಕೆಯ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದವನು ರೇವಣಸಿದ್ದ. ಆಕೆ ಅವನ ತಾಯಿ ಎಂದು ಪೂಜಿತಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಬ್ಬರದೂ ಒಂದೇ ಮೂಗು, ಅದೊಂದೇ ಸಾಕಿತ್ತು.

ಅವಳ ಕಿವಿ ಬಿಸಿಯಾಯಿತು. ಮುಂದೆ ಮೋಹನದಾಸರು ಏನು ಹೇಳಿದರೋ, ಯಾರು ಒಪ್ಪಿದರೋ, ಅವಳಿಗೆ ಒಂದೂ ತಿಳಿಯಲಿಲ್ಲ.

ರೇವಣಸಿದ್ದ ಅವಳಿಗೆ ಯಾರು ಎಂದು ಕೇಳಿದರೆ ಆಗಿನ್ನೂ ಅವಳ ಹತ್ತಿರ ಉತ್ತರವಿರಲಿಲ್ಲ. ಘನ್ಸೋಲಿಯ ಒಂದು ಟವರಿನಲ್ಲಿ ಸೈಟ್ ಇಂಜಿನಿಯರು, ಆ ಕಲ್ಲಿನ ಸೀಮೆಯಾದ ಕಲಬುರಗಿ ಕಡೆಯವನು, ತಾಯಿಯೊಂದಿಗೆ ದಿವಾದಲ್ಲಿ ಮನೆ. ಬಳಗದ ಕಟ್ಟಡಕ್ಕೆ ಪ್ರತಿ ಭಾನುವಾರ ಬಿಟ್ಟಿ ದುಡಿಯಲು ಬರುತ್ತಿದ್ದ. ಇಬ್ಬರೂ ಸೇರಿ ಹಿತ್ತಲಿನ ಕಾಂಪೌಂಡಿಗೆ ಸ್ಯಾಂಪಲ್‌ಗಳನ್ನು ಅಂಟಿಸಿದ್ದರು. ಮುರಕಲ್ಲಿನ ತೆಳು ಹಲಗೆ, ಟೆರಾಕೋಟಾ ಟೈಲು, ಟೆಕ್ಸ್‌ಚರ್ ಬಣ್ಣ, ಮರದಂತೆ ಕಾಣುವ ಶೀಟು, ಸಣ್ಣ ಹರಳು ಬೆರೆಸಿದ ಗ್ರಿಟ್ ಪ್ಲಾಸ್ಟರು, ಎಲ್ಲ ಒಂದರ ಪಕ್ಕ ಒಂದು. ಕ್ಯಾಟಲಾಗಿನಲ್ಲಿ ಎಲ್ಲವೂ ಸುಂದರವೇ. ಬಿಸಿಲು ಮಳೆ ತಿಂದ ಮೇಲೆ ಯಾವುದು ಉಳಿಯುತ್ತದೆ ಎಂದು ನೋಡಿ ಆರಿಸಬೇಕೆಂಬುದು ಪೂಜಿತಾಳ ಹಟವಾಗಿತ್ತು.

ಬಿಸಿಲು ಮಳೆಗೆ ಬಿಟ್ಟ ಗೋಡೆಯ ಮುಂದೆ ವಾರವಾರ ಇಬ್ಬರು ನಿಂತರೆ ಅವರಲ್ಲೂ ಏನಾದರೂ ಆಗಲೇಬೇಕಲ್ಲ.

ಅವಳಿಗೊಂದು ಅಭ್ಯಾಸವಿತ್ತು. ಕಣ್ಣು ಮುಚ್ಚಿಕೊಂಡು ಬೆರಳ ತುದಿಯಿಂದ ಒಂದೊಂದನ್ನೂ ಸವರುತ್ತಿದ್ದಳು. ಮೊದಲ ಸಲ ಅದನ್ನು ನೋಡಿದಾಗ ಅವನು ಸ್ಯಾಂಪಲ್‌ಗಳಿಗೆ ಪೈಪಿನ ನೀರು ಬಿಡುವುದನ್ನೇ ಮರೆತು ನಿಂತಿದ್ದ.

"ಮೇಡಂ, ಗ್ವಾಡಿ ನೋಡ್ಲತ್ತೀರೋ, ಗಂಡು ನೋಡ್ಲತ್ತೀರೋ?"

"ಎರಡೂ ಒಂದೇ. ಮಳೆಗೆ ಬಣ್ಣ ಬಿಡಬಾರದು," ಎಂದಿದ್ದಳು ಅವಳು ಕಣ್ಣು ತೆರೆಯದೆ.

"ಹಂಗಿದ್ರ ನನ್ನ ಮ್ಯಾಲೂ ಒಂದೀಟು ನೀರು ಹಾಕಿ ನೋಡ್ರಿ," ಎಂದು ಅವನು ಪೈಪನ್ನು ಅವಳ ಕೈಗೇ ಕೊಟ್ಟಿದ್ದ. ಅವಳು ನಿಜಕ್ಕೂ ನೀರು ಬಿಟ್ಟಳು. ಒದ್ದೆ ತಲೆಯಿಂದ ನೀರಿಳಿಯುತ್ತಿದ್ದರೂ ಅವನು ಕಣ್ಣು ಕೀಳದೆ ಅವಳನ್ನೇ ನೋಡಿದ. ಕಣ್ಣು ತಪ್ಪಿಸಿದವಳು ಅವಳೇ. ಅವತ್ತು ಡೊಂಬಿವಲಿಗೆ ರೈಲಿನಲ್ಲಿ ಹೋಗುವಾಗ ಕಾರಣವಿಲ್ಲದೆ ನಗು ಬರುತ್ತಿತ್ತು, ಎದುರು ಕೂತ ಹೆಂಗಸು ವಿಚಿತ್ರವಾಗಿ ನೋಡಿದಳು.

ಗೋಡೆಯಲ್ಲಿ ಒಂದು ಚೌಕ ಖಾಲಿ ಬಿಡಿಸಿದ್ದವನೂ ಅವನೇ. "ಇನ್ನೊಂದು ಸ್ಯಾಂಪಲ್ ಬರೋದದ. ಏನು ಅಂತ ಈಗ ಹೇಳಲ್ಲ," ಎಂದಿದ್ದ. ಏನು ಬರಲಿತ್ತು, ಯಾರ ಕೈಯಲ್ಲಿ ಬರಲಿತ್ತು ಎಂದು ಈಗ ಪೂಜಿತಾಳಿಗೆ ತಿಳಿದಿತ್ತು.

ಸಭೆಯ ನಂತರದ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಪೂಜಿತಾ ಸಾರಿ ಎಂದು ಟೈಪ್ ಮಾಡಿ ಅಳಿಸಿದಳು. ಬರೇ ಸಾರಿ ಎಂದರೆ ರೈಲಿನಲ್ಲಿ ಕಾಲು ತುಳಿದವರು ಹೇಳುವ ಹಾಗಾಯಿತು. ಉದ್ದ ಬರೆದಳು, ಓದಿ ನೋಡಿದರೆ ತನ್ನನ್ನೇ ಸಮರ್ಥಿಸಿಕೊಂಡಂತಿತ್ತು, ಅದನ್ನೂ ಅಳಿಸಿದಳು. ಕೊನೆಗೆ "ಹೇಗಿದ್ದೀರಿ?" ಎಂದು ಕಳಿಸಿದಳು. ಓದಿದ್ದಕ್ಕೆ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಒಂದು ಬೆಳಗ್ಗೆ ಠಾಣೆ ಸ್ಟೇಷನ್ನಿನಲ್ಲಿ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಅವನು ಕಂಡ. ಅವಳು ಕೈ ಎತ್ತಿದಳು. ಅವನು ನೋಡಿದ, ಖಂಡಿತ ನೋಡಿದ. ಮರುಕ್ಷಣ ಕತ್ತೆತ್ತಿ ಗಾಡಿಗಳ ಹೊತ್ತು ತೋರಿಸುವ ಇಂಡಿಕೇಟರನ್ನು ಓದತೊಡಗಿದ, ಅದರಲ್ಲಿ ಅವನ ಜಾತಕವೇ ಬರೆದಿದೆಯೋ ಎಂಬಂತೆ. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಪೂಜಿತಾ ಕೂದಲು ಸರಿಮಾಡಿಕೊಂಡಳು. ಜನ ನೂಕಿದ ಕಡೆ ನಡೆದು, ತಪ್ಪು ಕಡೆ ಹೊರಬಿದ್ದು, ಆಫೀಸಿಗೆ ತಡವಾಗಿ ಹೋದಳು.

ಅವನ ಸಿಟ್ಟು ಅವಳಿಗೆ ಅರ್ಥವಾಗುತ್ತಿತ್ತು. ಅರ್ಥವಾಗದೆ ಕಾಡುತ್ತಿದ್ದದ್ದು ಅವಳದೇ ಬುದ್ಧಿ. ಶಹಾಬಾದಿ ಮುಂಗೋಡೆಗೆ ಆಗುವ ಕಲ್ಲಲ್ಲ, ಅದು ನಿಜ. ಪದರ ಪದರವಾಗಿ ಬಿಡುವ ಕಲ್ಲು. ಎತ್ತರದಲ್ಲಿ ಅಂಟಿಸಿದರೆ ಇಲ್ಲಿಯ ಮಳೆಗೆ, ಮಳೆಯಾದ ಮೇಲಿನ ಬಿಸಿಲಿಗೆ ಒಂದಲ್ಲ ಒಂದು ದಿನ ಹಲಗೆ ಬಿಟ್ಟು ಬರುತ್ತದೆ. ಇಷ್ಟನ್ನು ನೆಟ್ಟಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಿರಿಯರು ತನ್ನ ಕಡೆ ತಿರುಗಿ ನಕ್ಕರು ಎಂಬ ಒಂದೇ ಹಿಗ್ಗಿಗೆ ಫಿನಾಯಿಲ್ ಎಂದಿದ್ದಳು. ಆ ಮಾತು ನೆನಪಾದಾಗಲೆಲ್ಲ ಸ್ನಾನದ ಮನೆಯಲ್ಲಿರಲಿ, ಲಿಫ್ಟಿನಲ್ಲಿರಲಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ಆಗ ಕಾಣುತ್ತಿದ್ದದ್ದು ಚೀಲ ತಳ್ಳುವ ಆ ಕಾಲು.

ಹೊರಮೈ ತೀರ್ಮಾನವಾಗಬೇಕಿದ್ದ ಕೊನೆಯ ಸಭೆ ಹತ್ತಿರ ಬಂತು. ಒಂದು ಮಧ್ಯಾಹ್ನ ಆಫೀಸಿನ ಕೆಲಸ ಬದಿಗಿಟ್ಟು ಅವಳು ಬಳಗದ ಕಟ್ಟಡದ ಮುಂಭಾಗವನ್ನು ಹೊಸದಾಗಿ ಬರೆದಳು. ಬುಡದಿಂದ ತುದಿಯವರೆಗೆ ಶಹಾಬಾದಿ. ಕಂಪ್ಯೂಟರಿನಲ್ಲಿ ಯಾವ ಕಲ್ಲೂ ಬೀಳುವುದಿಲ್ಲ. ಸಂಜೆಯ ಬೆಳಕು ಬಿದ್ದ ನೀಲಿಬೂದು ಗೋಡೆ ಅಷ್ಟು ಸೊಗಸಾಗಿ ಬಂದಿತ್ತು, ಅವಳಿಗೇ ಆಸೆಯಾಯಿತು. ತಾನು ಸರಿ ಎಂದರೆ ಮೋಹನದಾಸರು ಗೊಣಗಿಕೊಂಡಾದರೂ ಒಪ್ಪುತ್ತಾರೆಂದು ಗೊತ್ತಿತ್ತು. ದೊಡ್ಡ ಕಾಗದದಲ್ಲಿ ಪ್ರಿಂಟ್ ತೆಗೆದು, ಸುತ್ತಿ ಹಿಡಿದುಕೊಂಡು, ಭಾನುವಾರ ಇಳಿಹೊತ್ತಿಗೆ ದಿವಾಕ್ಕೆ ಹೊರಟಳು. ಹತ್ತಿರದ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು ದಿವಾದಲ್ಲಿ ಇಳಿದದ್ದು ಅದೇ ಮೊದಲು. ಅದಕ್ಕೂ ಸ್ವಲ್ಪ ನಾಚಿಕೆಯಾಯಿತು.

ಬಾಗಿಲು ತೆರೆದೇ ಇತ್ತು. ರೇವಣಸಿದ್ದನ ತಾಯಿ ಚಂದ್ರಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸುತ್ತಲಿನ ಮೆಸ್ಸುಗಳಿಗೆ ಜೋಳದ ರೊಟ್ಟಿ ಹೋಗುತ್ತಿದ್ದದ್ದು ಆ ಮನೆಯಿಂದಲೇ.

"ಅಮ್ಮ, ನಾನು ಪೂಜಿತಾ. ಬಳಗದ..."

"ಗೊತ್ತದ ಬಾರವಾ. ಒಳಗ ಬಾ, ಕುಂದ್ರು. ರೇವಣ ಮಾರ್ಕೆಟಿಗಿ ಹೋಗ್ಯಾನ." ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. ನೀರು ಕೊಟ್ಟಳು, ಬಿಸಿ ರೊಟ್ಟಿಯೊಂದನ್ನು ತಟ್ಟೆಗೆ ಹಾಕಿ ಶೇಂಗಾ ಹಿಂಡಿ ಮೊಸರು ಹಾಕಿ ಮುಂದಿಟ್ಟಳು. ಬೈಸಿಕೊಳ್ಳಲು ತಯಾರಾಗಿ ಬಂದವಳು ರೊಟ್ಟಿಯ ಅಂಚು ಮುರಿದು ಹಾಗೇ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮ, ಅವತ್ತು ನಾನು ಆಡಿದ ಮಾತು ತಪ್ಪು. ನಿಮ್ಮ ಕಲ್ಲು ಅಂತ ಗೊತ್ತಿರ್ಲಿಲ್ಲ ನಂಗೆ. ಗೊತ್ತಿಲ್ದಿದ್ರೂ ಹಾಗೆ ಹೇಳಬಾರದಿತ್ತು. ಇದನ್ನು ನೋಡಿ," ಎಂದು ಕಾಗದ ಬಿಚ್ಚಿದಳು.

ಚಂದ್ರಬಾಯಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದಳು. ಮೊದಲು ಏನೆಂದು ಹೊಳೆಯಲಿಲ್ಲ. ಹೊಳೆದ ಮೇಲೆ ಬೆರಳಿನಿಂದ ಗೋಡೆಯ ಮೇಲೆ ಕೆಳಗೆ ಸವರಿದಳು.

"ನಮ್ಮ ಶಹಾಬಾದ ಪರ್ಸಿ ಕಲ್ಲ ಏನವಾ ಇದು? ಇಷ್ಟ ಎತ್ತರದಾಗ?"

"ಹೌದು."

"ನಮ್ಮ ಮನಿಯವರು ಜಲ್ಮಾ ಪೂರ್ತಿ ಖಣಿಯೊಳಗ ಇದನ್ನ ಕಡದರು. ಬ್ಯಾಸಗಿಯೊಳಗ ಇದರ ಮ್ಯಾಲೇ ನೀರ ಹೊಡದು ಮಲಗ್ತಿದ್ದೆವು. ಊರಾಗ ಗ್ವಾಡಿ ಇದೇ, ಮಾಳಗಿ ಇದೇ. ಇಲ್ಲಿ ಬಂದು ನೋಡಿದ್ರ ಎಲ್ಲಾ ಕಡಿ ಬಚ್ಚಲದಾಗ." ಆಕೆ ನಕ್ಕಳು, ಕಣ್ಣು ಮಾತ್ರ ತುಂಬಿತ್ತು. "ತಡಿ, ಬಾಜೂಕಿನ ಭಾಗ್ಯಾನ ಕರೀತೀನಿ, ಆಕಿನೂ ನೋಡಲಿ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಮಾಫಿ ಸಿಕ್ಕಾಗಿತ್ತು, ರೊಟ್ಟಿ ತಟ್ಟೆಯಲ್ಲಿತ್ತು. ಆದರೆ ಪೂಜಿತಾಳ ಕಿವಿ ಅವತ್ತು ಸಭೆಯಲ್ಲಿ ಆದಂತೆಯೇ ಬಿಸಿಯಾಗತೊಡಗಿತು.

"ಬೇಡಮ್ಮ, ಯಾರನ್ನೂ ಕರೀಬೇಡಿ. ಆ ಕಲ್ಲು ಅಲ್ಲಿ ನಿಲ್ಲುವುದಿಲ್ಲ."

ಚಂದ್ರಬಾಯಿ ಹೊಸ್ತಿಲಲ್ಲೇ ನಿಂತಳು. "ಏನಂದಿ?"

"ಪದರ ಬಿಡ್ತದೆ. ನೆಲಕ್ಕೆ ಹಾಕಿದ್ರೆ ಎಷ್ಟು ವರ್ಷ ಬೇಕಾದ್ರೂ ಇರ್ತದೆ, ಎತ್ತರಕ್ಕೆ ಅಂಟಿಸಿದ್ರೆ ಒಂದು ದಿನ ಬೀಳ್ತದೆ. ಕೆಳಗೆ ಕನ್ನಡ ಕ್ಲಾಸಿಗೆ ಮಕ್ಕಳು ಬರ್ತಾರೆ."

"ಗೊತ್ತಿದ್ದೂ ಯಾಕ ಬರಕೊಂಡು ಬಂದಿ?"

ಪೂಜಿತಾ ತಟ್ಟೆಯನ್ನು ನೋಡುತ್ತ ಹೇಳಿದಳು. "ನಿಮಗೆ ಖುಷಿಯಾಗ್ಲಿ ಅಂತ. ಅವತ್ತು ಅವರಿಗೆ ಖುಷಿಯಾಗ್ಲಿ ಅಂತ ಫಿನಾಯಿಲ್ ಅಂದೆ, ಇವತ್ತು ನಿಮಗೆ ಖುಷಿಯಾಗ್ಲಿ ಅಂತ ಇದನ್ನು ಬರೆದೆ. ಎರಡೂ ಒಂದೇ ಬುದ್ಧಿ ಅಮ್ಮ. ಎದುರಿಗಿದ್ದವರು ನನ್ನನ್ನು ನೋಡಿ ನಗಬೇಕು, ಅಷ್ಟೇ ನಂಗೆ. ನಾಚಿಕೆಯಾಗ್ತದೆ."

ರೊಟ್ಟಿಯ ಹೆಂಚು ಹೊಗೆಯಾಡುತ್ತಿತ್ತು. ಚಂದ್ರಬಾಯಿ ಬಂದು ಒಲೆ ಸಣ್ಣದು ಮಾಡಿದಳು. ಕಾಗದವನ್ನು ಮಡಚಿ ಕಪಾಟಿನ ಮೇಲಿಟ್ಟು ಅವಳ ಎದುರಿಗೇ ಕೂತಳು.

"ಮತ್ತ ಆ ಗ್ವಾಡಿಗಿ ಯಾವುದು ಛಲೋ?"

"ಗ್ರಿಟ್ ಪ್ಲಾಸ್ಟರ್. ಸಣ್ಣ ಹರಳು ಕೂಡಿಸಿದ ಗಾರೆ. ಮಳೆ ಬಂದ್ರೆ ಅದೇ ತೊಳೆದುಕೊಳ್ತದೆ, ಬಣ್ಣ ಹೋಗುವುದಿಲ್ಲ, ನೋಡಲಿಕ್ಕೂ ಚಂದ. ಮೋಹನದಾಸ್ ಅಂಕಲ್ ಹೇಳುವ ಮುರಕಲ್ಲೂ ಬೇಡ, ಆಗಲೇ ಪಾಚಿ ಹಿಡಿದಿದೆ. ಪರ್ಸಿಯನ್ನು ಬಾಗಿಲ ಮುಂದಿನ ಮೆಟ್ಟಿಲಿಗೆ, ಕೂರುವ ಕಟ್ಟೆಗೆ ಹಾಕಬಹುದು. ಅಲ್ಲಿ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಇದು ಮಾತ್ರ ಖುಷಿಗೆ ಹೇಳ್ತಾ ಇಲ್ಲ."

"ಅವರ ಮುಂದ ಇಷ್ಟೂ ಹೇಳ್ತಿ?"

"ಹೇಳ್ತೇನೆ. ಅವರು ಮುಖ ಊದಿಸಿಕೊಂಡರೂ ಹೇಳ್ತೇನೆ."

"ಹೇಳು. ಆಮ್ಯಾಲ ಅಂಜಬ್ಯಾಡ." ಚಂದ್ರಬಾಯಿ ಅವಳ ತಟ್ಟೆಗೆ ಇನ್ನೊಂದು ಚಮಚ ಮೊಸರು ಹಾಕಿದಳು. "ನೋಡವಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ನೀ ಹೊರಗಿನ ಮಂದಿ ಪೈಕಿ, ಗೊತ್ತಿಲ್ದ ಅಂದಿ. ನನ್ನ ಮಗ್ಗಲದಾಗ ಕುಂತು ಇವಾ ನಕ್ಕನಲ್ಲ, ಅದಕ್ಕ ನಾ ಚೀಲ ಕೆಳಗ ತಳ್ಳಿದೆ."

ಪೂಜಿತಾ ತಲೆ ಎತ್ತಿದಳು. "ಯಾರು?"

"ನನ್ನ ಮಗ. ನೀ ಫಿನಾಯಿಲ್ ಅಂದಿ ನೋಡು, ಎಲ್ಲಾರಕಿಂತ ಮೊದಲ ಹಲ್ಲ ಕಿಸದಾಂವ ಅವನೇ. ತೊಡಿ ಮ್ಯಾಲ ಕಲ್ಲ ಇಟಗೊಂಡು ನಾ ಕುಂತೀನಿ, ಇವಾ ನಗಲತ್ಯಾನ!"

ಬಾಗಿಲಲ್ಲಿ ಏನೋ ಸದ್ದಾಯಿತು. ಮೆಂತ್ಯೆ ಸೊಪ್ಪಿನ ಕಟ್ಟು ಹಿಡಿದುಕೊಂಡು ರೇವಣಸಿದ್ದ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಅವನ ಮುಖ ನೋಡಿದರೆ ಕೇಳಬೇಕಾದ್ದನ್ನೆಲ್ಲ ಕೇಳಿಯಾಗಿತ್ತು.

ಚಂದ್ರಬಾಯಿ ಎದ್ದು ಮೂಲೆಯಲ್ಲಿದ್ದ ಕೊಡ ಬಕೀಟು ಎತ್ತಿಕೊಂಡಳು. "ನಳ ಬರೋ ಹೊತ್ತಾತು. ಈಕಿ ಬಂದು ನನ್ನ ಮುಂದ ಹೇಳಿದಳು. ನಿನ್ನ ಬಾಯಿಗೇನಾಗ್ಯದ? ಹೇಳು," ಎಂದು ಮಗನ ಕೈಯಿಂದ ಸೊಪ್ಪು ಕಿತ್ತು ನೆಲದ ಮೇಲಿಟ್ಟು ಹೊರಗೆ ಹೋದಳು.

ಇಬ್ಬರೇ ಉಳಿದರು. ಅವನು ಒಳಗೆ ಬರಲಿಲ್ಲ, ತನ್ನ ಮನೆಯ ಹೊಸ್ತಿಲಲ್ಲೇ ಹೊರಗಿನವನಂತೆ ನಿಂತಿದ್ದ.

"ನನ್ನ ಮೇಲೆ ಸಿಟ್ಟು ಅಂದುಕೊಂಡಿದ್ದೆ," ಎಂದಳು ಪೂಜಿತಾ.

"ನಿಮ್ಮ ಮ್ಯಾಲ ಯಾಕ ಸಿಟ್ಟು ಬರಬೇಕು? ನಿಮ್ಮ ಮಾರಿ ನೋಡಿದ್ರ ನಾ ನಕ್ಕಿದ್ದು ನೆನಪಾಗ್ತದ. ಅದಕ್ಕೇ ಸ್ಟೇಷನ್ನಿನಾಗ..."

"ಇಂಡಿಕೇಟರ್ ಓದಿದ್ರಿ."

"ಅದು ಬಂದ್ ಇತ್ತು," ಎಂದ ಅವನು.

ಅವಳಿಗೆ ನಗು ಬಂತು, ಕಷ್ಟಪಟ್ಟು ತಡೆದುಕೊಂಡಳು. "ಯಾಕೆ ನಕ್ಕಿದ್ರಿ ರೇವಣ್? ನಿಮಗೆ ಗೊತ್ತಿತ್ತಲ್ಲ, ಅಮ್ಮನ ಕಲ್ಲು ಅಂತ."

ಅವನು ಬಗ್ಗಿ ಸೊಪ್ಪಿನ ಕಟ್ಟನ್ನು ಗೋಡೆಯ ಬದಿಗೆ ಸರಿಸಿದ.

"ಅವ್ವಗ ಇದನ್ನ ಹ್ಯಾಂಗ ಹೇಳ್ಲಿ ಅಂತ ತಿಳೀವಲ್ದು. ನೀವು ಎದ್ದು ನಿಂತ್ರೀ ಅಂದ್ರ ನನಗ ಬ್ಯಾರೆ ಏನೂ ಕಾಣಲ್ಲ. ನೀವು ಏನಾರ ಅಂದ್ರ ನಗಬೇಕು ಅನ್ನಿಸ್ತದ, ಏನಂದ್ರಿ ಅನ್ನೋದು ಆಮ್ಯಾಲ ತಿಳೀತದ. ಅವತ್ತೂ ಹಂಗೇ ಆತು. ನನ್ನ ಬಾಜೂಕ ಅವ್ವ ಕುಂತಾಳ, ಆಕಿ ತೊಡಿ ಮ್ಯಾಲ ನಮ್ಮಪ್ಪ ಕಡದಂಥ ಕಲ್ಲದ, ಎಲ್ಲಾ ಮರತು ನಿಮ್ಮ ಜೋಡಿ ನಕ್ಕೆ." ಅವನ ದನಿ ಇಳಿಯಿತು. "ಒಬ್ಬಾಕಿ ಮ್ಯಾಲ ಮನಸ ಹೋದ್ರ ಹೆತ್ತಾಕಿನ್ನ ಮರೀತೀನಿ ಅಂದ್ರ ನಾ ಎಂಥಾವ? ಆ ಮನಸನ್ನ ತಗೊಂಡು ನಿಮ್ಮ ಮುಂದ ಬರಲಾಕ ನಾಚಿಕಿ ಬಂತು."

ಇಷ್ಟು ದಿನ ಪೂಜಿತಾ ತಾನೊಬ್ಬಳೇ ಹೊತ್ತಿದ್ದೇನೆಂದುಕೊಂಡ ಭಾರಕ್ಕೆ ಇನ್ನೊಂದು ತುದಿಯೂ ಇತ್ತು, ಅದನ್ನು ಅವನು ಹಿಡಿದುಕೊಂಡಿದ್ದ. ಅವಳು ಎದ್ದು ಹೊಸ್ತಿಲ ತನಕ ಹೋದಳು. ಮನೆಯಲ್ಲಿ ತುಳು, ಹೊರಗೆ ಮರಾಠಿ, ಆಫೀಸಿನಲ್ಲಿ ಇಂಗ್ಲಿಷು. ಇಂಥ ಮಾತನ್ನು ಕನ್ನಡದಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ.

"ಆ ಮನಸ್ಸು ನಂಗೆ ಬೇಕು," ಎಂದಳು. "ಆದ್ರೆ ನಾನು ತಪ್ಪು ಹೇಳಿದ್ರೆ ನಗಬೇಡಿ. ಎದ್ದು ನಿಂತು ತಪ್ಪು ಅನ್ನಿ. ನಗುವವರು ಸಾಕಷ್ಟು ಜನ ಇದ್ದಾರೆ ನಂಗೆ."

"ಎಲ್ಲಾರ ಮುಂದ?"

"ಎಲ್ಲರ ಮುಂದೆ."

"ಸಿಟ್ಟಿಗೇಳ್ತೀರಿ."

"ಏಳ್ತೇನೆ. ಆಮೇಲೆ ಬಂದು ನಿಮ್ಮ ಪಕ್ಕ ಕೂತುಕೊಳ್ತೇನೆ."

ಅವನು ಈಗ ಮುಖ ಎತ್ತಿದ. ಕಣ್ಣಲ್ಲಿ ನಾಚಿಕೆ ಇನ್ನೂ ಹಾಗೇ ಇತ್ತು, ಅವಳ ಕಣ್ಣಲ್ಲೂ ಇತ್ತು. ಇಬ್ಬರೂ ಅದನ್ನು ಅಡಗಿಸಲಿಲ್ಲ, ಕಣ್ಣನ್ನೂ ತಪ್ಪಿಸಲಿಲ್ಲ. ಅವನ ಕೈ ಹೊಸ್ತಿಲು ದಾಟಿ ಅವಳ ಕೈಯನ್ನು ಹಿಡಿಯಿತು, ಮಾರ್ಕೆಟಿನ ಮಣ್ಣು, ಸೊಪ್ಪಿನ ತೇವ ಎಲ್ಲ ಹಾಗೇ ಇದ್ದ ಕೈ.

"ಮೊದಲ ಏನೋ ಅಂದ್ರಲ್ಲ, ಮನಸ್ಸು ಅಂತ. ಅದನ್ನ ಇನ್ನೊಮ್ಮೆ ಹೇಳ್ರಿ."

"ಒಮ್ಮೆ ಹೇಳಿದ್ದು ಕೇಳಿಸಲಿಲ್ವಾ?"

"ಕೇಳಿಸ್ತು. ಅವ್ವ ನೀರ ತುಂಬಿ ಬರೋತನಕ ಟೈಮ್ ಅದ, ಅದಕ್ಕ."

"ಬೇಕು," ಎಂದಳು ಅವಳು, ಬರೀ ಉಸಿರಿನಲ್ಲಿ. "ನೀವು ನಂಗೆ ಬೇಕು."

ಹೊರಗೆ ಗೋಡೆಯ ಆಚೆಯಿಂದ, ತೀರ ಹತ್ತಿರದಿಂದ, ಚಂದ್ರಬಾಯಿಯ ದನಿ ಬಂತು.

"ಮುಗೀತೇನ್ರಪಾ? ಆಗಲೇ ತುಂಬಿಕೊಂಡು ಬಂದು ನಿಂತೀನಿ. ಕೊಡ ಭಾರ ಅದ!"

ಇಬ್ಬರೂ ಒಟ್ಟಿಗೆ ಹೊರಗೆ ಓಡಿದರು.